ಒಂದೇ ಮತ, ಆದರೂ ಲೂಟಿ

ಮೂರನೆಯ ಮೈಸೂರು ಯುದ್ಧದ ಕಾಲ. ಟಿಪ್ಪುವಿನ ಮೇಲೆ ಬಂದಿದ್ದ ಮರಾಠಾ ಸೇನೆಯ ಸವಾರರು 1791ರಲ್ಲಿ ಶೃಂಗೇರಿ ಮಠಕ್ಕೆ ನುಗ್ಗಿದರು. ಅವರ ನಾಯಕ ರಘುನಾಥರಾವ್ ಪಟವರ್ಧನ್. ದೇವರು ಒಬ್ಬನೇ ಆದರೂ ಹಲವರನ್ನು ಕೊಂದರು, ಸಂಪತ್ತನ್ನು ದೋಚಿದರು, ಶಾರದೆಯ ಮೂರ್ತಿಯನ್ನೂ ಕಿತ್ತರು. ಸ್ವಾಮಿಗಳು ಕಾರ್ಕಳ ಸೇರಬೇಕಾಯಿತು.

ಸುಮಾರು ಆರು ಶತಮಾನ ಹಿಂದೆ ಕ್ರೈಸ್ತ ಜಗತ್ತೂ ಇಂಥದೇ ಆಘಾತ ಕಂಡಿತ್ತು. ಜೆರೂಸಲೆಂ ಬಿಡಿಸಲು ಹೊರಟ ನಾಲ್ಕನೆಯ ಕ್ರುಸೇಡ್‌ನ ಸೈನ್ಯ ಹಡಗಿನ ಹಣ ತೀರಿಸಲಾಗದೆ ವೆನಿಸ್‌ನ ಹಂಗಿಗೆ ಬಿದ್ದಿತು. ಕೊನೆಗೆ 1204ರ ಏಪ್ರಿಲ್‌ನಲ್ಲಿ ಕ್ರೈಸ್ತರದೇ ಕಾನ್‌ಸ್ಟಾಂಟಿನೋಪಲನ್ನು ಮೂರು ದಿನ ಸೂರೆ ಮಾಡಿತು. ಬೈಜಾಂಟಿಯನ್ನರು 1261ರಲ್ಲಿ ನಗರವನ್ನು ಮರಳಿ ಪಡೆದರೂ ಹಳೆಯ ಬಲ ಬರಲಿಲ್ಲ. 1453ರಲ್ಲಿ ಅದು ತುರ್ಕರ ವಶವಾಯಿತು. ಪೂರ್ವ, ಪಶ್ಚಿಮ ಚರ್ಚುಗಳ ಬಿರುಕು ಇನ್ನೂ ಮುಚ್ಚಿಲ್ಲ. ಆ ಲೂಟಿಗೆ ಪೋಪ್ ಎರಡನೆಯ ಜಾನ್ ಪಾಲ್ ಅಥೆನ್ಸಿನಲ್ಲಿ ವಿಷಾದಿಸಿದ್ದು 2001ರಲ್ಲಿ!

ಶೃಂಗೇರಿಯಲ್ಲಿ ಮೂರ್ತಿಯ ಮರುಪ್ರತಿಷ್ಠೆಗೆ ಹಣ, ಸಾಮಗ್ರಿ ಕೊಡಿಸಿದವನು ಟಿಪ್ಪು ಸುಲ್ತಾನ್. ಮಠದಲ್ಲಿದ್ದ ಅವನ ಕನ್ನಡ ಪತ್ರಗಳನ್ನು 1916ರಲ್ಲಿ ಬೆಳಕಿಗೆ ತಂದವರು ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್. ಟಿಪ್ಪುವನ್ನು ಕುರಿತ ವಾದಗಳಲ್ಲಿ ಆ ಪತ್ರಗಳು ಇಂದಿಗೂ ಸಾಕ್ಷಿ ನುಡಿಯುತ್ತವೆ. ಲೂಟಿಕೋರನ ಕಣ್ಣಿಗೆ ಕಾಣುವುದು ಬೊಕ್ಕಸ, ಮತವಲ್ಲ. ಮತದ ಲೆಕ್ಕ ಹಾಕುವವರು ಅನಂತರ ಬರುತ್ತಾರೆ.