ನಾಯಿಯ ಒಣ ಆಹಾರ: ಸೂತ್ರ, ತಯಾರಿಕೆ ಮತ್ತು ಚೀಲದ ಮೇಲಿನ ಬರಹ

ಅಂಗಡಿಯಲ್ಲಿ ಚೀಲದಲ್ಲಿ ಸಿಗುವ, ಗಟ್ಟಿ ಕಾಳಿನಂತಿರುವ ನಾಯಿ ಆಹಾರಕ್ಕೆ ವ್ಯಾಪಾರದಲ್ಲಿ ‘ಕಿಬಲ್’ ಎನ್ನುತ್ತಾರೆ. ನಾಯಿ ಸಾಕಿರುವ ಜೈನ ಮನೆಗಳಲ್ಲೂ ಬೀದಿ ನಾಯಿಗಳಿಗೆ ದಿನಾ ಊಟ ಹಾಕುವ ಜೀವದಯಾ ಕಾರ್ಯಕರ್ತರಲ್ಲೂ ಈ ಚೀಲದ ಬಗ್ಗೆ ಎರಡು ಪ್ರಶ್ನೆಗಳು ಏಳುತ್ತವೆ. ಇದರೊಳಗೆ ಏನಿದೆ? ಮಾಂಸ ಹಾಕದೆ ಮಾಡಿದರೆ ಪ್ರಾಣಿಗೆ ಅನ್ಯಾಯವಾಗುವುದಿಲ್ಲವೆ? ಉತ್ತರ ಬೇಕಾದರೆ ಇದನ್ನು ಮಾಡುವ ಬಗೆ ತಿಳಿದಿರಬೇಕು.

ನಾಯಿಗೆಂದೇ ಕಾರ್ಖಾನೆಯಲ್ಲಿ ಬಿಸ್ಕತ್ತು ಮಾಡಿ ಮಾರುವ ವ್ಯಾಪಾರವನ್ನು ಜೇಮ್ಸ್ ಸ್ಪ್ರಾಟ್ ಎಂಬ ಅಮೆರಿಕದವರು 1860ರ ಸುಮಾರಿಗೆ ಲಂಡನ್ನಿನಲ್ಲಿ ಆರಂಭಿಸಿದರು. ಇಂದಿನ ಉಬ್ಬಿದ ಕಾಳು ಬಂದದ್ದು 1950ರ ದಶಕದಲ್ಲಿ, ಅಮೆರಿಕದ ಪ್ಯೂರಿನಾ ಕಂಪನಿಯು ಬೆಳಗಿನ ಉಪಾಹಾರದ ಧಾನ್ಯ ತಯಾರಿಸುವ ಎಕ್ಸ್‌ಟ್ರೂಡರ್ ಯಂತ್ರವನ್ನು ಇದಕ್ಕೆ ಬಳಸಿದ ಮೇಲೆ.

ಸೂತ್ರ ಬರೆಯುವುದು

ಆಹಾರ ತಜ್ಞರು ಸೂತ್ರ ಬರೆಯುವಾಗ ಕೋಳಿ, ಅಕ್ಕಿ, ಸೋಯಾ ಎಂದು ಪದಾರ್ಥದಿಂದ ಆರಂಭಿಸುವುದಿಲ್ಲ. ಪೋಷಕಾಂಶದ ಅಂಕಿಗಳಿಂದ ಆರಂಭಿಸುತ್ತಾರೆ. ಹೆಚ್ಚು ಬಳಕೆಯಲ್ಲಿರುವುದು ‘ಆಫ್ಕೋ’ ಎಂಬ ಅಮೆರಿಕದ ಸಂಘದ ಪಟ್ಟಿ. ಅದರ ಪ್ರಕಾರ ನೀರಿನ ಅಂಶ ಕಳೆದು ಲೆಕ್ಕ ಹಾಕಿದಾಗ ಬೆಳೆದ ನಾಯಿಯ ಆಹಾರದಲ್ಲಿ ಕನಿಷ್ಠ ಶೇ. 18 ಪ್ರೋಟೀನ್, ಶೇ. 5.5 ಕೊಬ್ಬು ಇರಬೇಕು. ಮರಿಗಳಿಗೆ ಮತ್ತು ಗಬ್ಬದ, ಹಾಲೂಡಿಸುವ ನಾಯಿಗಳಿಗೆ ಇದು ಶೇ. 22.5 ಮತ್ತು ಶೇ. 8.5. ಕ್ಯಾಲ್ಸಿಯಂ ದೊಡ್ಡ ನಾಯಿಗೆ ಶೇ. 0.5 ಸಾಕಾದರೆ ಮರಿಗೆ ಶೇ. 1.2 ಬೇಕು. ಕ್ಯಾಲ್ಸಿಯಂ ರಂಜಕಕ್ಕಿಂತ ಕಡಿಮೆ ಇರಕೂಡದು, ಅದರ ಎರಡು ಪಟ್ಟು ಮೀರಲೂಬಾರದು. ಮರಿಗೆ ಬರೀ ಅನ್ನ-ಸಾರು ಹಾಕಿ ಬೆಳೆಸಿದರೆ ಕಾಲಿನ ಮೂಳೆ ಸೊಟ್ಟಗಾಗುವುದು ಈ ಲೆಕ್ಕ ತಪ್ಪುವುದರಿಂದಲೇ. ಅಕ್ಕಿಯಲ್ಲಿ ಕ್ಯಾಲ್ಸಿಯಂ ಬಹಳ ಕಡಿಮೆ.

ಪ್ರೋಟೀನ್ ಎಂಬ ಒಂದೇ ಅಂಕಿ ಸಾಲದು. ಹತ್ತು ಅಮೈನೋ ಆಮ್ಲಗಳು ನಾಯಿಗೆ ಆಹಾರದಿಂದಲೇ ಸಿಗಬೇಕು. ಧಾನ್ಯಗಳಲ್ಲಿ ಲೈಸಿನ್ ಕೊರತೆ, ಬೇಳೆಗಳಲ್ಲಿ ಮೆಥಿಯೋನಿನ್ ಕೊರತೆ. ಎರಡನ್ನೂ ಸೇರಿಸಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಅಕ್ಕಿಗೆ ಉದ್ದು ಬೆರೆಸಿ ಇಡ್ಲಿ ಮಾಡಿದಾಗ ಆಗುವುದೂ ಇದೇ. ಆಮೇಲೂ ಉಳಿಯುವ ಕೊರತೆಗೆ ತಯಾರಕರು ಮೆಥಿಯೋನಿನ್, ಲೈಸಿನ್‌ಗಳನ್ನು ಪ್ರತ್ಯೇಕವಾಗಿ ಸೇರಿಸುತ್ತಾರೆ. ಅಂದಿನ ಮಾರುಕಟ್ಟೆ ದರವನ್ನು ಕಂಪ್ಯೂಟರಿಗೆ ಕೊಟ್ಟು, ಎಲ್ಲ ಅಂಕಿಗಳೂ ಕೂಡುವಂತೆ ಅತಿ ಕಡಿಮೆ ಖರ್ಚಿನ ಮಿಶ್ರಣ ಯಾವುದೆಂದು ತೆಗೆಯುವುದು ಈ ಉದ್ಯಮದ ರೂಢಿ. ಮೆಕ್ಕೆಜೋಳ ತುಟ್ಟಿಯಾದರೆ ನುಚ್ಚಕ್ಕಿ ಬಂದೀತು.

ಚೀಲದ ಮೇಲೆ ಬರೆಯುವ ‘ಕ್ರೂಡ್ ಪ್ರೋಟೀನ್’ ನೇರವಾಗಿ ಅಳೆದದ್ದಲ್ಲ. ಸಾರಜನಕವನ್ನು ಅಳೆದು 6.25ರಿಂದ ಗುಣಿಸಿದ ಅಂಕಿ ಅದು. ಮೋಸಕ್ಕೆ ದಾರಿ ಇರುವುದು ಇಲ್ಲೇ. ಪ್ಲಾಸ್ಟಿಕ್ ತಯಾರಿಕೆಗೆ ಬಳಸುವ ಮೆಲಮೈನ್ ಪುಡಿಯ ತೂಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಸಾರಜನಕ. ಚೀನಾದಿಂದ ಬಂದ ಗೋಧಿ ಗ್ಲುಟೆನ್‌ಗೆ ಇದನ್ನು ಬೆರೆಸಿದ್ದರಿಂದ 2007ರಲ್ಲಿ ಅಮೆರಿಕದಲ್ಲಿ ಮೂತ್ರಪಿಂಡ ಕೆಟ್ಟು ಅನೇಕ ನಾಯಿ, ಬೆಕ್ಕುಗಳು ಸತ್ತವು. ಪ್ರಯೋಗಾಲಯದ ಕಾಗದದಲ್ಲಿ ಪ್ರೋಟೀನ್ ಚೆನ್ನಾಗಿಯೇ ಇತ್ತು. ಬರೀ ಅಂಕಿ ನೋಡಿ ಸರಕು ಕೊಂಡರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಕಹಿಯಾದ ಉದಾಹರಣೆ ಬೇಕಿಲ್ಲ.

ಕಾರ್ಖಾನೆಯಲ್ಲಿ

ಧಾನ್ಯ, ಹಿಂಡಿ ಮುಂತಾದವನ್ನು ಸುತ್ತಿಗೆ ಗಿರಣಿಯಲ್ಲಿ ನುಣ್ಣಗೆ ಪುಡಿ ಮಾಡಿ, ಖನಿಜ ಮತ್ತು ಜೀವಸತ್ವಗಳ ಮಿಶ್ರಣದೊಂದಿಗೆ ಕಲಸುತ್ತಾರೆ. ಹಬೆ ಮತ್ತು ನೀರು ಸೇರಿಸಿ ಹಿಟ್ಟನ್ನು ಹದಕ್ಕೆ ತಂದ ಮೇಲೆ ಅದು ಎಕ್ಸ್‌ಟ್ರೂಡರಿಗೆ ಹೋಗುತ್ತದೆ. ಉದ್ದನೆಯ ಕೊಳವೆಯೊಳಗೆ ತಿರುಗುವ ತಿರುಪು ಹಿಟ್ಟನ್ನು ಒತ್ತಿ ಮುಂದಕ್ಕೆ ತಳ್ಳುತ್ತದೆ. ಒತ್ತಡದಲ್ಲಿ ಬಿಸಿ 120ರಿಂದ 150 ಡಿಗ್ರಿ ಸೆಲ್ಸಿಯಸ್‌ವರೆಗೆ ಏರುತ್ತದೆ. ಪಿಷ್ಟ ಬೇಯುತ್ತದೆ, ರೋಗಾಣುಗಳು ಸಾಯುತ್ತವೆ. ಕೊನೆಗೆ ಚಕ್ಕುಲಿ ಒರಳಿನ ಬಿಲ್ಲೆಯಂಥ ಅಚ್ಚಿನಿಂದ ಹಿಟ್ಟು ಹೊರಬರುತ್ತಲೇ ಒತ್ತಡ ತಪ್ಪಿ, ಒಳಗಿನ ನೀರು ಹಬೆಯಾಗಿ ಹಾರಿ ಕಾಳು ಉಬ್ಬುತ್ತದೆ. ತಿರುಗುವ ಚಾಕು ತುಂಡರಿಸುತ್ತದೆ. ಮಕ್ಕಳು ತಿನ್ನುವ ಮೆಕ್ಕೆಜೋಳದ ಉಬ್ಬಿದ ಕುರುಕಲು ತಿಂಡಿಯೂ ಇಂಥದೇ ಯಂತ್ರದಿಂದ ಬರುವುದು.

ಆಮೇಲೆ ಒಣಗಿಸಿ ತೇವಾಂಶವನ್ನು ಶೇ. 10ರ ಆಸುಪಾಸಿಗೆ ಇಳಿಸುತ್ತಾರೆ. ಬಿಸಿಯಲ್ಲಿ ಜೀವಸತ್ವಗಳು ನಷ್ಟವಾಗುವುದರಿಂದ ಮೊದಲೇ ಹೆಚ್ಚು ಹಾಕಿರುತ್ತಾರೆ. ಕೊಬ್ಬಿನ ಬಹುಪಾಲನ್ನು ಒಣಗಿದ ಕಾಳಿನ ಮೇಲೆ ಸಿಂಪಡಿಸಲಾಗುತ್ತದೆ. ಮೊದಲೇ ಹೆಚ್ಚು ಹಾಕಿದರೆ ಹಿಟ್ಟು ಜಾರಿ ಕಾಳು ಉಬ್ಬುವುದಿಲ್ಲ. ನಾಯಿಗೆ ವಾಸನೆ ಹಿಡಿಸಲು ರುಚಿವರ್ಧಕವನ್ನೂ ಈ ಹಂತದಲ್ಲೇ ಲೇಪಿಸುತ್ತಾರೆ.

ಜೈನ ಮನೆಯವರು ಓದಬೇಕಾದ ಸಾಲುಗಳು

ಕೇವಲ ಹಸಿರು ಚುಕ್ಕೆ ನೋಡಿ ಕೊಳ್ಳುವುದು ಸಾಲದು. 2006ರ ಆಹಾರ ಸುರಕ್ಷತಾ ಕಾಯ್ದೆಯ ‘ಆಹಾರ’ ಎಂಬ ವ್ಯಾಖ್ಯೆಯಲ್ಲಿ ಪ್ರಾಣಿಗಳ ಆಹಾರ ಸೇರಿಲ್ಲ. ಪದಾರ್ಥಗಳ ಪಟ್ಟಿಯನ್ನೇ ಓದಬೇಕು. ‘ಚಿಕನ್ ಮೀಲ್’, ‘ಮೀಟ್ ಮೀಲ್’ ಎಂದರೆ ಕಸಾಯಿಖಾನೆಯ ಉಳಿಕೆಗಳನ್ನು ಬೇಯಿಸಿ, ಕೊಬ್ಬು ಬೇರ್ಪಡಿಸಿ, ಒಣಗಿಸಿ ಮಾಡಿದ ಪುಡಿ. ‘ಡೈಜೆಸ್ಟ್’ ಎಂದಿದ್ದರೆ ಅದು ಜೀರ್ಣವಾಗುವುದಕ್ಕೆ ಸಂಬಂಧಿಸಿದ ಮಾತಲ್ಲ. ಪ್ರಾಣಿಯ ಯಕೃತ್ತು ಮುಂತಾದವನ್ನು ಕರಗಿಸಿ ಮಾಡಿದ ರುಚಿವರ್ಧಕ. ಡೈಕ್ಯಾಲ್ಸಿಯಂ ಫಾಸ್ಫೇಟ್ ಶಿಲೆಯಿಂದಲೂ ಬರುತ್ತದೆ, ಮೂಳೆಯಿಂದಲೂ ಬರುತ್ತದೆ. ಡಿ3 ಜೀವಸತ್ವವನ್ನು ಸಾಮಾನ್ಯವಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ತೆಗೆಯುತ್ತಾರೆ. ಎ ಜೀವಸತ್ವದ ಕೆಲವು ಪುಡಿಗಳಿಗೆ ಜಿಲೆಟಿನ್ ಲೇಪವಿರುತ್ತದೆ. ಇವುಗಳ ಮೂಲ ಚೀಲದ ಮೇಲೆ ಬರೆದಿರುವುದು ಅಪರೂಪ, ತಯಾರಕರಿಗೆ ಪತ್ರ ಬರೆದು ಕೇಳಬೇಕು. ಕಂದಮೂಲ ತ್ಯಜಿಸಿದವರಿಗೆ ಇನ್ನೊಂದು ಮಾತು: ನಾರಿನಂಶಕ್ಕೆ ಹಾಕುವ ‘ಬೀಟ್ ಪಲ್ಪ್’ ಮತ್ತು ‘ಚಿಕೋರಿ’ ಎರಡೂ ಬೇರುಗಳೇ.

ಮಾಂಸವಿಲ್ಲದೆ ನಾಯಿ ಆರೋಗ್ಯವಾಗಿ ಬದುಕಬಲ್ಲದೆ? ಸೂತ್ರ ಸರಿಯಿದ್ದರೆ ಬದುಕಬಲ್ಲದು. ಪಿಷ್ಟ ಜೀರ್ಣಿಸುವ ಅಮೈಲೇಸ್ ಕಿಣ್ವದ ಜೀನ್ ತೋಳದಲ್ಲಿ ಎರಡೇ ಪ್ರತಿ ಇದ್ದರೆ ನಾಯಿಯಲ್ಲಿ 4ರಿಂದ 30 ಪ್ರತಿಗಳಿರುವುದನ್ನು 2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿದರು. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹಿಮಬಂಡಿ ಎಳೆಯುವ 12 ಹಸ್ಕಿ ನಾಯಿಗಳಲ್ಲಿ ಅರ್ಧಕ್ಕೆ 16 ವಾರ ಸೋಯಾ, ಮೆಕ್ಕೆಜೋಳದ ಗ್ಲುಟೆನ್ ಇದ್ದ ಮಾಂಸರಹಿತ ಆಹಾರ ಕೊಟ್ಟಾಗ ಅವುಗಳ ರಕ್ತದ ಪ್ರಮಾಣಗಳು ಸರಿಯಾಗಿಯೇ ಉಳಿದವು. ಆದರೆ ಹನ್ನೆರಡು ನಾಯಿಗಳು ಸಣ್ಣ ಲೆಕ್ಕ. ಧಾನ್ಯ ಬಿಟ್ಟು ಬಟಾಣಿ, ಬೇಳೆಗಳನ್ನೇ ಹೆಚ್ಚು ಹಾಕಿದ ಆಹಾರಕ್ಕೂ ನಾಯಿಗಳ ಹೃದಯ ದೊಡ್ಡದಾಗುವ ಕಾಯಿಲೆಗೂ ಸಂಬಂಧವಿದೆಯೇ ಎಂದು ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2018ರಲ್ಲಿ ತನಿಖೆ ಆರಂಭಿಸಿತು. ಹೀಗಾಗಿ ಸಸ್ಯಾಹಾರಿ ಚೀಲ ಆರಿಸುವವರು ಟಾರಿನ್, ಮೆಥಿಯೋನಿನ್, ಡಿ ಮತ್ತು ಬಿ12 ಜೀವಸತ್ವಗಳು ಸೇರಿವೆಯೇ ಎಂದು ನೋಡಬೇಕು, ವರ್ಷಕ್ಕೊಮ್ಮೆ ಪಶುವೈದ್ಯರಲ್ಲಿ ರಕ್ತ ಪರೀಕ್ಷೆ ಮಾಡಿಸಬೇಕು. ಮರಿಗಳಿಗೆ ಮತ್ತು ಗಬ್ಬದ ನಾಯಿಗೆ ವೈದ್ಯರನ್ನು ಕೇಳದೆ ಕೊಡಲೇಬಾರದು. ಬೆಕ್ಕಿನ ವಿಷಯ ಬೇರೆ. ಅದು ಹುಟ್ಟಿನಿಂದಲೇ ಮಾಂಸಾಹಾರಿ. ನಾಯಿಯ ಕಾಳನ್ನು ಅದಕ್ಕೆ ಹಾಕಿದರೆ ಕಣ್ಣು, ಹೃದಯ ಎರಡೂ ಕೆಡುತ್ತವೆ.

‘ಕಂಪ್ಲೀಟ್ ಅಂಡ್ ಬ್ಯಾಲೆನ್ಸ್‌ಡ್’ ಎಂಬ ಬರಹ ಮತ್ತು ಅದು ಯಾವ ವಯಸ್ಸಿನ ನಾಯಿಗೆ ಎಂಬುದು ಚೀಲದ ಮೇಲೆ ಇರಲೇಬೇಕು. ಇಲ್ಲದಿದ್ದರೆ ಅದನ್ನು ತಿಂಡಿ ಎಂದಷ್ಟೇ ತಿಳಿಯುವುದು. 10 ಕಿಲೋ ತೂಕದ ಬೆಳೆದ ನಾಯಿಗೆ ದಿನಕ್ಕೆ ಸುಮಾರು 630 ಕಿಲೋ ಕ್ಯಾಲೊರಿ ಬೇಕು. 100 ಗ್ರಾಮಿಗೆ 350 ಕ್ಯಾಲೊರಿಯ ಕಾಳಾದರೆ 180 ಗ್ರಾಂ. ಹಳೆಯ ಆಹಾರದಿಂದ ಹೊಸದಕ್ಕೆ ಒಂದು ವಾರದಲ್ಲಿ ಸ್ವಲ್ಪ ಸ್ವಲ್ಪವಾಗಿ ಬದಲಿಸಬೇಕು. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಕೆಡಿಸುತ್ತವೆ. ಜೈನರ ಅಡುಗೆಮನೆಯಲ್ಲಿ ಆ ಚಿಂತೆ ಕಡಿಮೆ. ಆದರೆ ಪ್ರಸಾದದ ಒಣದ್ರಾಕ್ಷಿಯೂ ಮೂತ್ರಪಿಂಡಕ್ಕೆ ವಿಷ, ಪ್ರೀತಿಯಿಂದ ಒಂದೆರಡು ಕೊಡುವುದೂ ಬೇಡ.

ಚೀಲ ಒಡೆದ ಮೇಲೆ ಬಾಯಿ ಬಿಗಿದು ತಂಪಾದ ಒಣ ಜಾಗದಲ್ಲಿಟ್ಟು, ಒಂದು ತಿಂಗಳೊಳಗೆ ಮುಗಿಸಬೇಕು. ಸಗಟಾಗಿ ಕೊಂಡು ಮಳೆಗಾಲದಲ್ಲಿ ದಾಸ್ತಾನು ಇಡುವ ಸೇವಾ ಸಂಸ್ಥೆಗಳು ಚೀಲಗಳನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಜೋಡಿಸಬೇಕು. ಮುಗ್ಗಲು ವಾಸನೆ ಬಂದ ಚೀಲವನ್ನು ಬಿಸಿಲಿಗೆ ಹಾಕಿ ಬಳಸಬಾರದು. ಬೂಷ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ವಿಷ ಬಿಸಿಲಿಗೂ ಬೇಯಿಸುವುದಕ್ಕೂ ಹೋಗುವುದಿಲ್ಲ, ನಾಯಿಯ ಯಕೃತ್ತಿಗೆ ನೇರವಾಗಿ ತಗಲುತ್ತದೆ. ಅಂಥ ಚೀಲವನ್ನು ದನಕ್ಕೂ ಹಾಕದೆ ಮಣ್ಣಿನಲ್ಲಿ ಹೂಳಬೇಕು.