ಗಂಟು ಹಗುರಾದದ್ದು ಹೇಗೆ?

ಹೋದ ವರ್ಷ ಮಳೆಗಾಲದಲ್ಲಿ ಸಹ್ಯಾದ್ರಿಯಲ್ಲಿ ನಾಲ್ಕು ದಿನ ನಡೆಯಬೇಕೆಂದು ಪಟ್ಟಿ ಮಾಡಿಕೊಂಡು ಕೂತಿದ್ದೆ. ಹಗುರವಾದ ಡೇರೆ, ಹಗುರವಾದ ಚೀಲ, ಬೇಗ ಒಣಗುವ ಬಟ್ಟೆ. ತೂಕ ಇಳಿದಷ್ಟೂ ಬೆಲೆ ಏರುತ್ತಿತ್ತು. ಒಟ್ಟು ಮೊತ್ತ ನನ್ನ ಒಂದು ತಿಂಗಳ ಅನುವಾದದ ಸಂಪಾದನೆಯನ್ನು ದಾಟಿತು.

ಕುರಕುಂಭದಲ್ಲಿ ನಮ್ಮ ಎದುರು ಮನೆಯ ಅಜ್ಜಿ ಅಕ್ಕಲಕೋಟೆ ಕಡೆಯವರು, ಮನೆಮಾತು ಕನ್ನಡ. ಪ್ರತಿ ಆಷಾಢಕ್ಕೂ ಪಂಢರಪುರಕ್ಕೆ ನಡೆಯುತ್ತಾರೆ. ಅವರ ಗಂಟಿನಲ್ಲಿ ಇದ್ದದ್ದು ಇನ್ನೊಂದು ಸೀರೆ, ಹೊದಿಕೆ, ತಟ್ಟೆ, ತಂಬಿಗೆ, ಮಾತ್ರೆಯ ಡಬ್ಬಿ, ಮಳೆ ಬಂದರೆ ತಲೆಯಿಂದ ಬೆನ್ನಿಗೆ ಇಳಿಬಿಡಲು ಒಂದು ಪ್ಲಾಸ್ಟಿಕ್ ಹಾಳೆ. ತೂಗಿ ನೋಡಿದೆ, ನಾಲ್ಕು ಕಿಲೋ ಕೂಡ ಇರಲಿಲ್ಲ.

"ಡೇರೆ ಇಲ್ಲದೆ ಹೆಂಗ ಅಜ್ಜಿ?" ಎಂದೆ.

"ಡೇರೆ ನಾವ್ಯಾಕ ಹೊರೂಣು ತಂಗಿ? ಅದು ಗಾಡ್ಯಾಗ ಬರ್ತೈತಿ."

ಈ ಮಾತಿನ ಹಿಂದೆ ಮುನ್ನೂರು ವರ್ಷಕ್ಕೂ ಮೀರಿದ ವ್ಯವಸ್ಥೆಯಿದೆ. ತುಕಾರಾಮರ ಮಗ ನಾರಾಯಣ ಮಹಾರಾಜರು ಪಾದುಕೆಗಳನ್ನು ಪಲ್ಲಕ್ಕಿಯಲ್ಲಿಟ್ಟು ದೇಹುವಿನಿಂದ ಹೊರಟದ್ದು 1685ರಲ್ಲಿ. ಆ ಪಲ್ಲಕ್ಕಿ ಇಂದಿಗೂ ಪುಣೆ, ಯವತ್, ವರವಂಡ ದಾಟಿ ನಮ್ಮ ಹೆದ್ದಾರಿಯ ಪಾಟಸ್ ತನಕ ಬಂದು, ಅಲ್ಲಿಂದ ರೋಟಿ ಘಾಟಿನ ಕಡೆ ಹೊರಳಿ ಬಾರಾಮತಿಗೆ ಹೋಗುತ್ತದೆ. ಸುಮಾರು 250 ಕಿ.ಮೀ. ದಾರಿ, ಹತ್ತಿರ ಹತ್ತಿರ ಮೂರು ವಾರದ ನಡಿಗೆ.

ಮೊದಲು ಜ್ಞಾನೇಶ್ವರರ ಪಾದುಕೆಗಳೂ ಈ ಪಲ್ಲಕ್ಕಿಯ ಜೊತೆಗೇ ಸಾಗುತ್ತಿದ್ದವು. 19ನೇ ಶತಮಾನದ ಮೊದಲ ಭಾಗದಲ್ಲಿ ಹೈಬತಬಾಬಾ ಆರಫಳಕರ್ ಆಳಂದಿಯಿಂದ ಪ್ರತ್ಯೇಕ ಪಲ್ಲಕ್ಕಿ ಹೊರಡಿಸಿದರು. ಅವರು ಗ್ವಾಲಿಯರಿನ ಶಿಂಧೆಯವರ ಸೇವೆಯಲ್ಲಿ ಇದ್ದವರು. ನಡೆಯುವವರನ್ನು ದಿಂಡಿಗಳಾಗಿ ವಿಂಗಡಿಸಿ, ಯಾರ ಹಿಂದೆ ಯಾರು ಎಂಬ ಕ್ರಮ ಕಟ್ಟಿದರು. ಕುದುರೆ, ಡೇರೆಗಳನ್ನು ಒದಗಿಸಿದವರು ಅಂಕಲಿಯ ಶಿತೋಳೆ ಸರದಾರರು. ಅಂಕಲಿ ಇರುವುದು ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲ್ಲೂಕಿನಲ್ಲಿ. ಇಂದಿಗೂ ಆ ಕುದುರೆಗಳು ಅಲ್ಲಿಂದ ದಿನಗಟ್ಟಲೆ ನಡೆದು ಆಳಂದಿಗೆ ಬರುತ್ತವೆ. ವಾರಕರಿಯ ಬೆನ್ನು ಹಗುರಾಗಲು ಕನ್ನಡ ನಾಡಿನ ಒಂದು ಮನೆತನ ಭಾರ ಹೊತ್ತಿತ್ತು.

ಈಗ ದಿಂಡಿಗೆ ಇಂತಿಷ್ಟು ಎಂದು ಹಣ ಕಟ್ಟಿದರೆ ಡೇರೆ, ಪಾತ್ರೆ, ದಿನಸಿ ಲಾರಿಯಲ್ಲಿ ಬರುತ್ತವೆ. ಹಾದಿಯ ಊರುಗಳು ನೀರು, ಚಹಾ, ಊಟ ಕೊಡುತ್ತವೆ.

ಈ ನೆರವು ಇಲ್ಲದವರ ಗಂಟು ಬೇರೆ. ಕುರಿ ಹಿಂಡಿನೊಂದಿಗೆ ಊರೂರು ಅಲೆಯುವ ಕುರುಬರಿಗೆ ಕಂಬಳಿಯೇ ಹಾಸಿಗೆ, ಹೊದಿಕೆ. ಮಳೆಯಲ್ಲಿ ಕೊಪ್ಪೆ ಹಾಕಿಕೊಂಡರೆ ಅದೇ ಛತ್ರಿ. ದಖ್ಖನಿ ಕುರಿಯ ಒರಟು ಉಣ್ಣೆಗೆ ಹುಣಸೆಬೀಜದ ಗಂಜಿ ಹಾಕಿ ನೇಯ್ದ ಕಂಬಳಿ ಒದ್ದೆಯಾದರೂ ಬೆಚ್ಚಗಿರುತ್ತದೆ. ಆದರೆ ತೂಕ ಇದ್ದೇ ಇದೆ. ಅದನ್ನು ಹಗುರಾಗಿಸಲಿಕ್ಕಾಗದೆ, ಒಂದರಿಂದಲೇ ಮೂರು ಕೆಲಸ ತೆಗೆದರು.

ಅಮೆರಿಕದಲ್ಲಿ ಎಮ್ಮಾ ಗೇಟ್‌ವುಡ್ ಎಂಬ ಅಜ್ಜಿ, ಹನ್ನೊಂದು ಮಕ್ಕಳ ತಾಯಿ, 1955ರಲ್ಲಿ ತನ್ನ 67ನೇ ವಯಸ್ಸಿನಲ್ಲಿ 3,200 ಕಿ.ಮೀ.ಗೂ ಹೆಚ್ಚಿನ ಅಪಲೇಚಿಯನ್ ಹಾದಿಯನ್ನು ಒಬ್ಬಳೇ ನಡೆದಳು. ಕೈಯಲ್ಲಿ ಹೊಲಿದ ಚೀಲ, ಕಾಲಿಗೆ ಕ್ಯಾನ್ವಾಸ್ ಬೂಟು, ಮಳೆಗೆ ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆ. 1990ರ ದಶಕದಲ್ಲಿ ರೇ ಜಾರ್ಡಿನ್ ಹಗುರ ನಡಿಗೆಯನ್ನು ಪುಸ್ತಕ ಬರೆದು ಪ್ರಚಾರ ಮಾಡುವ ಎಷ್ಟೋ ಮೊದಲೇ ಅವಳು ಅದನ್ನು ಮಾಡಿ ತೋರಿಸಿದ್ದಳು. ಅವಳಿಗೂ ದಾರಿಯಲ್ಲಿ ಅಪರಿಚಿತರು ಊಟ ಕೊಟ್ಟರು, ಮಲಗಲು ಜಾಗ ಕೊಟ್ಟರು.

ಕನ್ನಡದಲ್ಲಿ 'ಗಂಟು' ಎಂದರೆ ಕಟ್ಟಿಕೊಂಡ ಮೂಟೆಯೂ ಹೌದು, ಕೂಡಿಟ್ಟ ಹಣವೂ ಹೌದು. ಅಂಗಡಿಯಲ್ಲಿ ಒಂದನ್ನು ಹಗುರ ಮಾಡಲು ಇನ್ನೊಂದನ್ನು ಬಿಚ್ಚಬೇಕು. ವಾರಕರಿಗಳು ಇವೆರಡರ ನಡುವೆ ಮೂರನೆಯದನ್ನು ತಂದರು: ಜೊತೆಗಾರರು. ಜನವಿಲ್ಲದ ಕಾಡಿನಲ್ಲಿ ಅಜ್ಜಿಯ ಗಂಟು ನಂಬಿ ಹೊರಡುವುದು ಅಪಾಯ. ಅಲ್ಲಿ ಡೇರೆ ಬೇಕೇ ಬೇಕು. ಊರುಗಳಿರುವ ದಾರಿಯಲ್ಲಿ ಬೇಡ.

ನಾನು ದಾರಿ ಬದಲಿಸಿದೆ. ರಾತ್ರಿ ಹಳ್ಳಿಯ ಮನೆಗಳಲ್ಲಿ ದುಡ್ಡು ಕೊಟ್ಟು ಉಳಿಯುವಂತೆ ಹಾದಿ ಗೊತ್ತುಮಾಡಿ, ಪಟ್ಟಿಯಿಂದ ಡೇರೆ, ಒಲೆ ಎರಡನ್ನೂ ಹೊಡೆದುಹಾಕಿದೆ. ಪ್ಲಾಸ್ಟಿಕ್ ಹಾಳೆಯನ್ನು ಅಜ್ಜಿಯೇ ಕತ್ತರಿಸಿ ಕೊಟ್ಟರು.