ಒಂದೇ ಸುಧಾರಣೆ, ಮೂರು ಫಸಲು

ಬೇಲೂರು, ಹಳೇಬೀಡು, ಅರಸೀಕೆರೆ ಎಂದೊಡನೆ ನೆನಪಾಗುವುದು ಹೊಯ್ಸಳರ ಗುಡಿಗಳು. ಹಾಸನ ಜಿಲ್ಲೆಯ ಈ ಮೂರು ಊರುಗಳು ಇನ್ನೊಂದು ಇತ್ತೀಚಿನ ಇತಿಹಾಸಕ್ಕೂ ಸಾಕ್ಷಿಯಾಗಿವೆ. 1991ರಲ್ಲಿ ಆರಂಭವಾದ ಆರ್ಥಿಕ ಸುಧಾರಣೆ ಇಡೀ ದೇಶಕ್ಕೆ ಒಂದೇ. ಆದರೆ ಅದರ ಫಲ ಒಂದು ಜಿಲ್ಲೆಯೊಳಗೂ ಒಂದೇ ಬಗೆಯದಾಗಿರಲಿಲ್ಲ.

ಬೇಲೂರು ತಾಲ್ಲೂಕಿನ ಪಶ್ಚಿಮ ಭಾಗ ಮಲೆನಾಡು; ಅಲ್ಲಿನ ಬದುಕು ಕಾಫಿ. 1940ರ ದಶಕದಿಂದ ಬೆಳೆಗಾರರು ತಮ್ಮ ಫಸಲನ್ನು ಕಾಫಿ ಮಂಡಳಿಯ ‘ಪೂಲ್’ಗೆ ಒಪ್ಪಿಸಬೇಕಿತ್ತು. ಹಣ ಕಂತುಗಳಲ್ಲಿ ಕೈಸೇರುತ್ತಿತ್ತು. 1992ರಿಂದ ಈ ಕಟ್ಟು ಹಂತಹಂತವಾಗಿ ಸಡಿಲಗೊಂಡು, 1996ರಲ್ಲಿ ಎಲ್ಲ ಬೆಳೆಗಾರರಿಗೂ ಪೂರ್ಣ ಮಾರಾಟ ಸ್ವಾತಂತ್ರ್ಯ ದೊರೆಯಿತು. ಈ ನಡುವೆ, 1994ರಲ್ಲಿ, ಬ್ರೆಜಿಲ್‌ನ ತೋಟಗಳು ಹಿಮಕ್ಕೆ ತುತ್ತಾಗಿ ವಿಶ್ವ ಮಾರುಕಟ್ಟೆಯಲ್ಲಿ ದರ ಏರಿತು. ಹೀಗೆ ಸ್ವಾತಂತ್ರ್ಯದ ಬೆನ್ನಿಗೇ ಒಳ್ಳೆಯ ಬೆಲೆಯೂ ಬಂತು.

ಆದರೆ 1986ರಲ್ಲೇ ಸುಧಾರಣೆಗೆ ತೊಡಗಿದ್ದ ವಿಯೆಟ್ನಾಂ, ಕೃಷಿಯನ್ನು ಸಾಮೂಹಿಕ ಹಿಡಿತದಿಂದ ಬಿಡಿಸಿ ಕುಟುಂಬಗಳಿಗೆ ವಹಿಸಿತ್ತು. ಶತಮಾನ ಮುಗಿಯುವಷ್ಟರಲ್ಲಿ ಅದು ಕಾಫಿ ಉತ್ಪಾದನೆಯಲ್ಲಿ ಬ್ರೆಜಿಲ್‌ನ ನಂತರದ ಸ್ಥಾನಕ್ಕೇರಿತು. ಮಾರುಕಟ್ಟೆ ತುಂಬಿ ತುಳುಕಿ, 2001ರ ಹೊತ್ತಿಗೆ ದರ ನೆಲಕಚ್ಚಿತು. ಅಲ್ಲಿನ ಏಳಿಗೆಯೇ ಇಲ್ಲಿನ ಸಂಕಟಕ್ಕೆ ಒಂದು ಕಾರಣವಾಯಿತು. ಒಳ್ಳೆಯ ದರ ನಂಬಿ ಸಾಲ ಮಾಡಿದ್ದ ಬೆಳೆಗಾರನಿಗೆ ಆಸರೆಯಾಗಲು ಆಗ ‘ಪೂಲ್’ ಇರಲಿಲ್ಲ.

ಅರಸೀಕೆರೆಯದು ಬಯಲುಸೀಮೆಯ ಕತೆ. ಇಲ್ಲಿನ ಆಧಾರ ತೆಂಗು, ಕೊಬ್ಬರಿ. ದರ ಬಿತ್ತೆಂದು ತೆಂಗಿನ ಮರ ಕಡಿದು ಬೇರೆ ಬೆಳೆ ಹಾಕಲಾಗದು. ಹೊಸ ಸಸಿ ಫಲ ಕೊಡಲು ವರ್ಷಗಳು ಬೇಕು. 1994–95ರಲ್ಲಿ ಖಾದ್ಯ ತೈಲದ ಆಮದು ಮುಕ್ತವಾಯಿತಾದರೂ ಕೊಬ್ಬರಿಯ ಬೆಂಬಲ ಬೆಲೆ ಉಳಿಯಿತು. 2023ರಲ್ಲಿ ಮಾರುಕಟ್ಟೆ ದರ ಕುಸಿದಾಗ, ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 11,750 ರೂ. ಬೆಂಬಲ ಬೆಲೆ ಇತ್ತು. ಖರೀದಿ ಕೇಂದ್ರದ ಮುಂದೆ ಕಾಯುವ ಕಷ್ಟವಿದ್ದರೂ ಕಾಯಲು ಒಂದು ಬಾಗಿಲಾದರೂ ಇತ್ತು.

ಬೇಲೂರು ತಾಲ್ಲೂಕಿನದೇ ಆದ ಹಳೇಬೀಡಿನ ಸುತ್ತಿನ ರೈತರು ನೆಚ್ಚಿದ್ದು ಆಲೂಗಡ್ಡೆಯನ್ನು. ಅದಕ್ಕೆ ಮಂಡಳಿಯೂ ಇರಲಿಲ್ಲ, ಬೆಂಬಲ ಬೆಲೆಯೂ ಇರಲಿಲ್ಲ. ಸುಧಾರಣೆಗೆ ಮುಂಚೆಯೂ ಅವರ ಮಾರುಕಟ್ಟೆ ಮುಕ್ತವೇ. ಬಿತ್ತನೆ ಗಡ್ಡೆ ಪಂಜಾಬಿನಿಂದ ಬರಬೇಕು. ಅಂಗಮಾರಿ ರೋಗ ತಗುಲಿದರೆ ಹಾಕಿದ ಹಣವೂ ಹೋದಂತೆ. ಹಲವರು ಮುಸುಕಿನ ಜೋಳ, ಶುಂಠಿಯತ್ತ ಹೊರಳಿದರು. 2023ರ ಸೆಪ್ಟೆಂಬರ್‌ನಲ್ಲಿ ಹಳೇಬೀಡು, ಬೇಲೂರಿನ ಗುಡಿಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಆ ಕೀರ್ತಿ ಗುಡಿಯ ಆಚೆಯ ಹೊಲವನ್ನು ಎಷ್ಟು ಮುಟ್ಟೀತು ಎಂಬುದೇ ಪ್ರಶ್ನೆ.

ಬಾಗಿಲು ತೆರೆಯುವುದು ಸುಧಾರಣೆಯ ಅರ್ಧ ಭಾಗ ಮಾತ್ರ. ಕೆಟ್ಟ ವರ್ಷವನ್ನು ದಾಟಿಸುವ ಆಸರೆ ಉಳಿದ ಅರ್ಧ. ಅರಸೀಕೆರೆ ಎಂದರೆ ಅರಸಿಯ ಕೆರೆ. ಮಳೆಗಾಲದ ನೀರನ್ನು ಬೇಸಗೆಗೆ ಹಿಡಿದಿಡಬೇಕೆಂಬುದು ಹೊಯ್ಸಳರ ಕಾಲದವರಿಗೆ ಗೊತ್ತಿತ್ತು.